ವಾಟರ್ ಸರ್ವಿಸ್‌ನಲ್ಲಿ ಗೀರಿನ ಜಗಳ: ನೀರು ಹಾಕುವ ಮುಂಚಿನ ಐದು ನಿಮಿಷ



ಹೆದ್ದಾರಿ ಬದಿಯಲ್ಲಿ ಒಂದು ಬೋರು, ಒಂದು ಪ್ರೆಶರ್ ಪಂಪು, ಎರಡು ರ‍್ಯಾಂಪು ಹಾಕಿಕೊಂಡು ವಾಟರ್ ಸರ್ವಿಸ್ ನಡೆಸುವವರು ನಮ್ಮ ಸಂಘದಲ್ಲಿ ಸಾಕಷ್ಟಿದ್ದಾರೆ. ಕಳೆದ ಸಭೆ ಮುಗಿದು ಕಾಫಿಗೆ ನಿಂತಾಗ ಮಾತು ಅಲ್ಲಿಗೇ ತಿರುಗಿತು. "ತೊಳೆದು ಕೊಟ್ಟ ಮೇಲೆ ಗೀರು ನೀವೇ ಮಾಡಿದ್ದು ಅಂತಾರೆ, ಏನು ಮಾಡೋಣ?" ಎಂದು ಒಬ್ಬರು ಕೇಳಿದರು. ಹೊಸೂರಿನಲ್ಲಿ ಹನ್ನೊಂದು ವರ್ಷದಿಂದ ಇದೇ ಕಸುಬಿನಲ್ಲಿರುವ ನನಗೆ, ತಿಳಿದದ್ದನ್ನು ಬರೆದು ಕೊಡಿ ಎಂದರು. ಬರೆದಿದ್ದೇನೆ.

ಮೊದಲು ನಾನು ಕಳೆದುಕೊಂಡ ಕಥೆ. ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಒಂದು ಬಿಳಿ ಕಾರು ಬಂತು. ನಮ್ಮ ಹುಡುಗ ಮುಂದಿನ ಬಂಪರಿಗೆ ಅರ್ಧ ಅಡಿ ದೂರದಿಂದ ಗನ್ ಹಿಡಿದ. ಅಂಗೈಯಗಲದ ಪೇಂಟು ಸಿಪ್ಪೆಯಂತೆ ಎದ್ದು ಬಂತು. ಬಂಪರಿಗೆ ಹಿಂದೆ ಎಲ್ಲೋ ಮರುಬಣ್ಣ ಹೊಡೆಸಿದ್ದರು. ಪ್ಲಾಸ್ಟಿಕ್ಕಿಗೆ ಸರಿಯಾದ ಪ್ರೈಮರ್ ಇಲ್ಲದೆ ಹೊಡೆದ ಬಣ್ಣ ಜೋರಿನ ನೀರಿಗೆ ನಿಲ್ಲುವುದಿಲ್ಲ. "ಬರುವಾಗ ಚೆನ್ನಾಗಿತ್ತು" ಎಂದು ಅವರು, "ಮೊದಲೇ ಹಾಳಾದ ಪೇಂಟು" ಎಂದು ನಾನು. ಇಬ್ಬರದ್ದೂ ನಿಜವೇ. ಆದರೆ ತೋರಿಸಲು ನನ್ನ ಬಳಿ ಒಂದು ಫೋಟೋ ಇರಲಿಲ್ಲ. ಜನ ಸೇರಿದರು, ಧ್ವನಿ ಏರಿತು, ಕೊನೆಗೆ 4,500 ರೂಪಾಯಿ ಕೊಟ್ಟು ಕಳಿಸಿದೆ. ದುಡ್ಡೂ ಹೋಯಿತು, ಗಿರಾಕಿಯೂ ಹೋದರು.

ಮರುದಿನವೇ ಪೇಂಟರನ್ನು ಕರೆದು ದೊಡ್ಡ ಬೋರ್ಡ್ ಬರೆಸಿದೆ: "ವಾಹನದ ಹಾನಿಗೆ ನಾವು ಜವಾಬ್ದಾರರಲ್ಲ." ನಿಮ್ಮಲ್ಲೂ ಅಂಥದ್ದು ತೂಗುತ್ತಿರಬಹುದು. ಅದರ ಮೇಲೆ ನಂಬಿಕೆ ಬೇಡ.

ಗಿರಾಕಿ ಕೀಲಿ ಕೈಗೆ ಕೊಟ್ಟ ಗಳಿಗೆಯಿಂದ ಕಾರು ನಮ್ಮ ವಶದಲ್ಲಿದೆ. 1872ರ ಕರಾರು ಕಾಯ್ದೆಯ ಪ್ರಕಾರ, ಒಬ್ಬ ವಿವೇಕಿ ತನ್ನದೇ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನವನ್ನು ನಾವು ಅದಕ್ಕೆ ಮಾಡಬೇಕು. ಬೋರ್ಡಿನ ವಿಷಯದಲ್ಲಿ ದೆಹಲಿಯ ತಾಜ್‌ಮಹಲ್ ಹೋಟೆಲಿನ ಪ್ರಕರಣ ತಿಳಿದಿರಬೇಕು. 1998ರಲ್ಲಿ ಅಲ್ಲಿ ನಿಲುಗಡೆಗೆಂದು ಸಿಬ್ಬಂದಿಯ ಕೈಗೆ ಕೊಟ್ಟ ಕಾರು ಕಳುವಾಯಿತು. ಚೀಟಿಯಲ್ಲಿ "ಮಾಲೀಕರದೇ ಹೊಣೆ" ಎಂಬರ್ಥದ ಸಾಲು ಅಚ್ಚಾಗಿತ್ತು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ತನ್ನ ಸಿಬ್ಬಂದಿಯ ಅಜಾಗರೂಕತೆಗೆ ಆ ಸಾಲು ರಕ್ಷಣೆಯಲ್ಲ, ತಕ್ಕ ಎಚ್ಚರಿಕೆ ವಹಿಸಿದ್ದೆ ಎಂದು ಮೊದಲು ಹೋಟೆಲೇ ತೋರಿಸಬೇಕು. ಪಂಚತಾರಾ ಹೋಟೆಲಿಗೇ ಹೀಗಾದರೆ ನಮ್ಮ ತಗಡಿನ ಬೋರ್ಡಿನ ಗತಿ ಹೇಳಬೇಕೇ? ನನ್ನದನ್ನು ಇಳಿಸಿ, ಈಗ ಗನ್ ಇಡುವ ಮೂಲೆಗೆ ನೆರಳು ಮಾಡಿದ್ದೇನೆ.

ಎಚ್ಚರಿಕೆ ವಹಿಸಿದ್ದನ್ನು ತೋರಿಸಬೇಕು ಎಂದಾದರೆ ಕೆಲಸ ನೀರು ಹಾಕುವ ಮುಂಚೆಯೇ ಶುರುವಾಗಬೇಕು. ಕಾರು ಬಂದೊಡನೆ ಗಿರಾಕಿಯ ಜೊತೆಗೇ ಒಂದು ಸುತ್ತು ಬನ್ನಿ. ಮೊಬೈಲಿನಲ್ಲಿ ನಾಲ್ಕು ಮೂಲೆ, ನಾಲ್ಕು ಚಕ್ರ, ಎರಡು ಕನ್ನಡಿ, ಮುಂದಿನ ಗಾಜು, ಮೀಟರಿನ ಎಚ್ಚರಿಕೆ ದೀಪಗಳು, ಇಷ್ಟರ ವಿಡಿಯೋ ಸಾಕು, ಒಂದೂವರೆ ನಿಮಿಷ. ಬಂಪರಿನ ಅಂಚು, ಕಲ್ಲು ಬಡಿದ ಚುಕ್ಕೆ, ಅಂಟು ಬಿಟ್ಟ ಬೀಡಿಂಗ್, ಬಿರುಕು ಬಿಟ್ಟ ಲೈಟಿನ ಗಾಜು, ಸಡಿಲವಾದ ವೈಪರ್, ಆಂಟೆನಾ ಕಂಡರೆ ಅಲ್ಲೇ ಬೆರಳಿಟ್ಟು ತೋರಿಸಿ, ಚೀಟಿಯಲ್ಲಿ ಬರೆದು ಸಹಿ ಪಡೆಯಿರಿ. "ಮರುಬಣ್ಣ ಎಲ್ಲಾದರೂ ಆಗಿದೆಯೇ?" ಎಂದು ತಪ್ಪದೆ ಕೇಳಿ. ಚಿನ್ನ, ದುಡ್ಡು, ಫೋನು ತೆಗೆದುಕೊಳ್ಳಲು ಹೇಳಿ.

ಹಲವರು ಬಿಡುವ ಒಂದು ಹೆಜ್ಜೆ ಇದೆ. ಧೂಳು ತುಂಬಿದ ಕಾರಿನಲ್ಲಿ ಗೀರು ಕಾಣುವುದಿಲ್ಲ, ತೊಳೆದಾಗಲೇ ಕಾಣುತ್ತದೆ. ಆದ್ದರಿಂದಲೇ ಗಿರಾಕಿಗೆ ಅದು ಹೊಸದೆನಿಸುತ್ತದೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ನಿಜವಾಗಿ ನೋಡಿರುವುದಿಲ್ಲ. ಅದಕ್ಕೇ ಬರೀ ನೀರಿನಲ್ಲಿ ಮಣ್ಣು ಇಳಿಸಿದ ಮೇಲೆ, ಶಾಂಪೂ ಹಾಕಿ ಬಟ್ಟೆ ಮುಟ್ಟಿಸುವ ಮುಂಚೆ, ಇನ್ನೊಂದು ಸುತ್ತು ಹಾಕಿ. ಹೊಸದಾಗಿ ಕಂಡದ್ದರ ಫೋಟೋ ತೆಗೆದು ಆಗಲೇ ವಾಟ್ಸಾಪ್ ಮಾಡಿ. ನನ್ನಲ್ಲಿ ಅರ್ಧ ಜಗಳ ನಿಂತದ್ದು ಇದರಿಂದ.

ಇನ್ನು ಚೀಟಿಯ ಭಾಷೆ. ಗಡಿಯಲ್ಲಿರುವ ನಮಗೆ ಇದು ಸಣ್ಣ ಮಾತಲ್ಲ. ಕನ್ನಡ ಓದಲು ಬಾರದವರಿಂದ ಕನ್ನಡದ ಚೀಟಿಗೆ ಸಹಿ ಹಾಕಿಸಿಕೊಂಡರೆ, ನನಗೆ ತಿಳಿಯಲೇ ಇಲ್ಲ ಎಂದು ನಾಳೆ ಅವರು ಹೇಳಬಹುದು, ಹೇಳಿದರೆ ತಪ್ಪೂ ಅಲ್ಲ. ಹೊಸೂರು, ತಾಳವಾಡಿಯಲ್ಲಿ ತಮಿಳು, ಸೊಲ್ಲಾಪುರ, ಜತ್ತದಲ್ಲಿ ಮರಾಠಿ, ಕಾಸರಗೋಡಿನಲ್ಲಿ ಮಲಯಾಳ, ಆದವಾನಿ, ಮಡಕಶಿರದಲ್ಲಿ ತೆಲುಗು, ಹೀಗೆ ಅಲ್ಲಲ್ಲಿನ ಭಾಷೆಯನ್ನೂ ಕನ್ನಡದ ಪಕ್ಕಕ್ಕೆ ಅಚ್ಚು ಹಾಕಿಸಿ.

ಇಷ್ಟಾದರೂ ದೂರು ಬಂದೇ ಬರುತ್ತದೆ. ಬಂದಾಗ "ನಮ್ಮದಲ್ಲ" ಎಂಬುದು ಮೊದಲ ಮಾತಾಗಬಾರದು. "ತೋರಿಸಿ ಸಾರ್, ನೋಡೋಣ" ಎಂದು ನೆರಳಿಗೆ ಕರೆದೊಯ್ಯಿರಿ, ಉಳಿದ ಗಿರಾಕಿಗಳಿಂದ ದೂರ. ಒದ್ದೆ ಬಟ್ಟೆಯಿಂದ ಒರೆಸಿ. ಗೀರೆನಿಸಿದ್ದು ಎಷ್ಟೋ ಸಲ ಬೇರೆ ಗಾಡಿಯ ಬಣ್ಣ ಅಂಟಿದ್ದಾಗಿರುತ್ತದೆ. ನಂತರ ಉಗುರು ಆಡಿಸಿ. ಉಗುರು ಸಿಕ್ಕದಿದ್ದರೆ ಮೇಲಿನ ಪಾರದರ್ಶಕ ಪದರದ ಗೀರು, ಸಾಮಾನ್ಯವಾಗಿ ಪಾಲಿಶ್‌ಗೆ ಹೋಗುತ್ತದೆ. ಸಿಕ್ಕಿದರೆ ಆಳದ್ದು. ಪೇಂಟಿನ ಅಡಿ ಕಂದು ತುಕ್ಕು ಹರಡಿದ್ದರೆ, ಒಳಗೆ ಮಣ್ಣು ಕೂತಿದ್ದರೆ, ಅದು ಇವತ್ತಿನದಲ್ಲ. ಬಾನೆಟ್ ಮೇಲೆ ಸುತ್ತು ಸುತ್ತಾದ ಸಣ್ಣ ಗೀರುಗಳು ಮಾತ್ರ ಬಹುಮಟ್ಟಿಗೆ ತೊಳೆಯುವವರ ಮಣ್ಣು ಬಟ್ಟೆಯ ಕೆಲಸವೇ, ನಮ್ಮದೋ ಹಿಂದಿನವರದೋ. ಚಕ್ರಕ್ಕೆ ಬಳಸುವ ಆಸಿಡ್ ಕ್ಲೀನರ್ ಅಲಾಯ್ ಮೇಲೆ ಒಣಗಿ ಕಲೆ ಕಟ್ಟಿದ್ದರೆ, ಬಿಸಿ ಬಾನೆಟ್ ಮೇಲೆ ಗಡಸು ಬೋರಿನ ನೀರು ಆರಿ ಬಿಳಿ ಚುಕ್ಕೆ ಬಿದ್ದಿದ್ದರೆ, ಅದೂ ನಮ್ಮದೇ.

ಆಮೇಲೆ ಇಬ್ಬರೂ ಕೂತು ಮೊದಲಿನ ವಿಡಿಯೋ ನೋಡಿ. ಗೀರು ಅದರಲ್ಲಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಚೌಕಾಸಿ ಬಿಟ್ಟು ಒಪ್ಪಿಕೊಳ್ಳಿ. ನಗದು ಎಣಿಸುವ ಬದಲು ನಿಮಗೆ ಗೊತ್ತಿರುವ ಪೇಂಟರಿಂದ ಸರಿ ಮಾಡಿಸಿಕೊಡುವುದು ಒಳ್ಳೆಯದು. ಆ ಜಾಗದ ಖರ್ಚಷ್ಟೇ ಬೀಳುತ್ತದೆ, ಕೆಲಸವೂ ಕಣ್ಣೆದುರು ಆಗುತ್ತದೆ. "ನಿಮ್ಮ ಇನ್ಶೂರೆನ್ಸ್‌ನಲ್ಲಿ ಮಾಡಿಸಿಕೊಳ್ಳಿ" ಎನ್ನಬೇಡಿ. ಕ್ಲೇಮು ಮಾಡಿದರೆ ಅವರ ನೋ ಕ್ಲೇಮ್ ಬೋನಸ್ ಹೋಗುತ್ತದೆ, ಅದು 20 ರಿಂದ 50 ಶೇಕಡಾ ತನಕದ ರಿಯಾಯಿತಿ. ನಮ್ಮ ತಪ್ಪಿಗೆ ಅವರೇಕೆ ಅದನ್ನು ಬಿಡಬೇಕು? ಕೆಲಸ ಮುಗಿದ ಮೇಲೆ "ಸರಿಪಡಿಸಿ ಕೊಟ್ಟಿದ್ದಾರೆ, ಬೇರೆ ಬೇಡಿಕೆ ಇಲ್ಲ" ಎಂದು ಎರಡು ಸಾಲು ಬರೆಸಿಕೊಳ್ಳಿ.

ಹುಡುಗರ ಸಂಬಳದಲ್ಲಿ ಮುರಿದುಕೊಳ್ಳುವ ರೂಢಿಯ ಬಗ್ಗೆಯೂ ಹೇಳಬೇಕು. ಅವನ ಮಾತು ಕೇಳದೆ ಮುರಿಯಲು ಕಾನೂನು ಬಿಡುವುದಿಲ್ಲ. ಕಾನೂನು ಹಾಗಿರಲಿ, ಒಮ್ಮೆ ಮುರಿದರೆ ಮುಂದಿನ ಸಲ ಕನ್ನಡಿ ಮುರಿದವನು ಅದನ್ನು ಅಂಟಿಸಿ ಸುಮ್ಮನಿರುತ್ತಾನೆ. ನಾವು ಗಿರಾಕಿಯ ಬಾಯಿಂದ ಕೇಳಬೇಕಾಗುತ್ತದೆ. ಬಿಳಿ ಕಾರಿನ ಹುಡುಗ ಈಗಲೂ ನನ್ನಲ್ಲೇ ಇದ್ದಾನೆ. ಗನ್ ಒಂದಡಿಗಿಂತ ಹತ್ತಿರ ತರಬೇಡಿ ಎಂದು ಹೊಸಬರಿಗೆ ಹೇಳಿಕೊಡುವವನು ಅವನೇ.

ಮಾತು ಮುರಿದು ದೂರು ಗ್ರಾಹಕರ ಆಯೋಗಕ್ಕೆ ಹೋದರೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೂ ದೂರು ಕೊಡಬಹುದು. ಹೊಸೂರಿನಲ್ಲಿ ತೊಳೆದ ಕಾರಿಗೆ ಬೆಂಗಳೂರಿನಿಂದ, ಅಕ್ಕಲಕೋಟೆಯಲ್ಲಿ ತೊಳೆದದ್ದಕ್ಕೆ ಕಲಬುರಗಿಯಿಂದ ನೋಟಿಸು ಬರಬಹುದು. ರಾಜ್ಯ ಬೇರೆ ಎಂದು ಸುಮ್ಮನಿರಬೇಡಿ. ಉತ್ತರಕ್ಕೆ 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ, ಅದರಾಚೆಗೆ ಅವಕಾಶವಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ದೂರು ಕೊಡಲು ಎರಡು ವರ್ಷದ ಕಾಲಾವಕಾಶ ಇರುವುದರಿಂದ ವಿಡಿಯೋ, ಚೀಟಿಗಳನ್ನು ಅಷ್ಟು ಕಾಲ ಅಳಿಸದೆ ಇಡಿ.

ಅಂಗಡಿಗೆ ವಿಮೆ ಇರುವವರು ಏಜೆಂಟರನ್ನು ಒಂದು ಪ್ರಶ್ನೆ ಕೇಳಿ: ನಮ್ಮ ವಶದಲ್ಲಿರುವ ಗಿರಾಕಿಯ ವಾಹನಕ್ಕೆ ಇದು ಅನ್ವಯವೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ.

ನಾನು ಬಳಸುವ ಕನ್ನಡ-ತಮಿಳು ಚೀಟಿಯ ಮಾದರಿಯನ್ನು ಸಂಘದ ಕಚೇರಿಗೆ ಕೊಟ್ಟಿದ್ದೇನೆ, ಬೇಕಾದವರು ಪಡೆಯಬಹುದು. ಮರಾಠಿ, ಮಲಯಾಳ, ತೆಲುಗಿಗೆ ಸದಸ್ಯರು ಯಾರಾದರೂ ಅನುವಾದಿಸಿ ಕೊಟ್ಟರೆ ಅವನ್ನೂ ಅದರ ಜೊತೆಗೆ ಇಡೋಣ.