ಆಮ್ಲಕ್ಕೂ ಕರಗದ ಪರಾಗ

ಲೋಕಲ್ ಕಳವಾ ದಾಟಿ ಮುಂಬ್ರಾ ಕಡೆ ಹೊರಟರೆ ಪಾರ್ಸಿಕ್ ಗುಡ್ಡ ಕಾಣುತ್ತದೆ. ಕರಿಕಲ್ಲಿನ ಗುಡ್ಡ. ಥಾಣೆ, ಡೊಂಬಿವಲಿ, ಕಲ್ಯಾಣದ ನೆಲದಡಿಯೆಲ್ಲ ಇದೇ ಕಲ್ಲು. ಆರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಹರಿದು ಆರಿದ ಲಾವಾ. ಬೆಂಕಿಯಲ್ಲಿ ಹುಟ್ಟಿದ ಕಲ್ಲಿನೊಳಗೆ ಹೂವಿನ ಪರಾಗ ಉಳಿಯುವುದಿಲ್ಲ. ಕೆಸರು ಗಟ್ಟಿಯಾಗಿ ಕಲ್ಲಾದ ಕಡೆ ಉಳಿಯುತ್ತದೆ. ಅಂಥ ಕಲ್ಲು ಅರಬ್ಬಿ ಸಮುದ್ರದಡಿ ಪದರ ಪದರವಾಗಿದೆ. ಅದನ್ನು ಓದುವ ಕೆಲಸ ನವಿ ಮುಂಬಯಿಗೆ ಅಂಟಿಕೊಂಡ ಪನ್ವೇಲಿನಲ್ಲಿ, ತೈಲ ಕಂಪನಿ ಓಎನ್‌ಜಿಸಿಯ ಪ್ರಾದೇಶಿಕ ಭೂವಿಜ್ಞಾನ ಪ್ರಯೋಗಾಲಯದಲ್ಲಿ ನಡೆಯುತ್ತದೆ.

ಕಲ್ಲಿನೊಳಗಿನ ಪರಾಗ ಓದುವ ಈ ವಿದ್ಯೆಗೆ ಪ್ಯಾಲಿನಾಲಜಿ ಎಂಬ ಹೆಸರು ಬಂದದ್ದು 1944ರಲ್ಲಿ. ಪರಾಗ, ಜರೀಗಿಡಗಳ ಬೀಜಾಣು, ಕಡಲ ಪಾಚಿಗಳ ಕೋಶ ಎಲ್ಲವೂ ಇದರ ಪಾಲಿಗೆ ಸೇರಿವೆ. ಹೂಗಿಡಗಳು ಹುಟ್ಟುವುದಕ್ಕೂ ಬಹಳ ಹಿಂದಿನ ಕಲ್ಲುಗಳಲ್ಲಿ ಸಿಗುವ, ಯಾವ ಜೀವಿಯದೆಂದು ಖಚಿತವಾಗದ ಕೋಶಗಳನ್ನು 1963ರಿಂದ ಅಕ್ರಿಟಾರ್ಕ್ ಎಂದು ಕರೆಯುತ್ತಾರೆ.

ನನ್ನನ್ನು ಬೆರಗುಗೊಳಿಸುವುದು ಇವನ್ನು ಕಲ್ಲಿನಿಂದ ಬಿಡಿಸುವ ಬಗೆ. ಕಲ್ಲಿನ ಚೂರನ್ನು ತೊಳೆದು, ಪುಡಿಮಾಡಿ, ಮೊದಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿದರೆ ಸುಣ್ಣದ ಅಂಶ ನೊರೆಯಾಗಿ ಹೋಗುತ್ತದೆ. ಆಮೇಲೆ ಹೈಡ್ರೋಫ್ಲೋರಿಕ್ ಆಮ್ಲ. ಇದು ಗಾಜನ್ನೇ ತಿನ್ನುವುದರಿಂದ ಪ್ಲಾಸ್ಟಿಕ್ ಪಾತ್ರೆಯೇ ಬೇಕು. ಮೈಗೆ ತಾಗಿದರೆ ಎಲುಬಿನವರೆಗೂ ಇಳಿಯುವಂಥದ್ದು. ಕಲ್ಲು ಪೂರ್ತಿ ಕರಗುತ್ತದೆ, ಪರಾಗದ ಹೊದಿಕೆ ಮಾತ್ರ ಕರಗುವುದಿಲ್ಲ. ಸ್ಪೋರೋಪೊಲೆನಿನ್ ಎಂಬ ವಸ್ತುವಿನ ಗಟ್ಟಿತನ ಅದು. ಉಳಿದದ್ದನ್ನು ಸೋಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮುಳ್ಳು, ಬಲೆ, ಗೆರೆಗಳ ಕೆತ್ತನೆ ಕಾಣುತ್ತದೆ. ಬಹುಪಾಲು ಕಣಗಳು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕವು.

ಇಷ್ಟೆಲ್ಲ ಯಾಕೆ? 1974ರಲ್ಲಿ ಅರಬ್ಬಿ ಸಮುದ್ರದ ಬಾಂಬೆ ಹೈಯಲ್ಲಿ ತೈಲ ಸಿಕ್ಕಿತು. ಅದು ತುಂಬಿಕೊಂಡಿರುವುದು ಸುಣ್ಣಕಲ್ಲಿನಲ್ಲಿ; ಹುಟ್ಟಿದ್ದು ಅದಕ್ಕಿಂತ ಹಳೆಯ, ಪನ್ನಾ ಎಂಬ ಹೆಸರಿನ ಪದರಗಳ ಜೇಡಿಕಲ್ಲಿನಲ್ಲಿ. ಕೊರೆಯುವ ಬೈರಿಗೆ ಈಗ ಯಾವ ಕಾಲದ ಪದರದಲ್ಲಿದೆ ಎಂಬುದನ್ನು ಪರಾಗ ಹೇಳುತ್ತದೆ. ಅಂದು ದಡ ಎಲ್ಲಿತ್ತು ಎಂಬುದನ್ನೂ ಹೇಳುತ್ತದೆ: ನೀಪಾ ಎಂಬ ಅಳಿವೆಯ ತಾಳೆಯ ಮುಳ್ಳುಪರಾಗ ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ ಸಿಕ್ಕಿದೆ, ಆ ಗಿಡ ಇಂದು ಸುಂದರಬನ ಮತ್ತು ಅಂಡಮಾನಿನ ಕಡೆ ಬೆಳೆಯುತ್ತದೆ. ಬಣ್ಣಕ್ಕೂ ಅರ್ಥವಿದೆ. ಭೂಮಿಯೊಳಗಿನ ಕಾವು ಏರಿದಂತೆ ಹಳದಿ ಕಣ ಕಿತ್ತಳೆಯಾಗಿ, ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ಕಿತ್ತಳೆ, ಕಂದು ಕಂಡರೆ ಆ ಕಲ್ಲು ತೈಲ ಕೊಡುವಷ್ಟು ಬೆಂದಿದೆ. ಕಪ್ಪಾದರೆ ತೈಲದ ಹೊತ್ತು ಮೀರಿದೆ.

ಓಎನ್‌ಜಿಸಿಗೂ ಲಖನೌದ ಬೀರಬಲ್ ಸಾಹ್ನಿ ಪುರಾವಿಜ್ಞಾನ ಸಂಸ್ಥೆಗೂ ಹಳೆಯ ನಂಟು. ಬಿ.ಎಸ್. ವೆಂಕಟಾಚಲ ಅವರು ಮೊದಲು ಓಎನ್‌ಜಿಸಿಯ ಪರಾಗತಜ್ಞರಾಗಿದ್ದು, ಆಮೇಲೆ ಆ ಸಂಸ್ಥೆಯ ನಿರ್ದೇಶಕರಾದರು.

ತೈಲಬಾವಿ ಕೊರೆಯುವಾಗ ಮೇಲೆ ಬರುವ ಕಲ್ಲಿನ ಚೂರು ಓದುವುದರಲ್ಲಿ ಒಂದು ತೊಡಕಿದೆ. ಬಾವಿಯ ಗೋಡೆ ಮೇಲಿನಿಂದ ಕುಸಿದರೆ ಹೊಸ ಕಾಲದ ಪರಾಗ ಕೆಳಗಿನ ಹಳೆಯ ಚೂರಿನೊಡನೆ ಬೆರೆಯುತ್ತದೆ. ಅದಕ್ಕೇ ಪರಾಗತಜ್ಞರು ಒಂದು ಜಾತಿ ಮೊದಲು ಹುಟ್ಟಿದ ಪದರಕ್ಕಿಂತ, ಅದು ಕೊನೆಯ ಸಲ ಕಾಣಿಸಿಕೊಂಡ ಪದರವನ್ನೇ ಹೆಚ್ಚು ನಂಬುತ್ತಾರೆ.