ದುಡಿಯುವ ದೇಹಕ್ಕೆ ತಕ್ಕ ಉಡುಪು

ತುಮಕೂರು ಜಿಲ್ಲೆಯ ಪಶ್ಚಿಮಭಾಗದಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನು ಒಂದೇ ತೋಟವೆಂಬಂತೆ ಆವರಿಸಿಕೊಂಡಿರುವ ತೆಂಗಿನ ಸೀಮೆಯಲ್ಲಿ, ಜನರು ಪ್ರತಿನಿತ್ಯ ಕಾಣುವ ಸರ್ಕಾರದ ಮೊದಲ ರೂಪವೆಂದರೆ ಬಸ್ ನಿಲ್ದಾಣದ ಎದುರಿನಲ್ಲಿಯೋ ಕೊಬ್ಬರಿ ಮಾರುಕಟ್ಟೆಯ ಬಾಗಿಲಿನಲ್ಲಿಯೋ ನಿಂತಿರುವ ಪೊಲೀಸ್ ಕಾನ್‌ಸ್ಟೇಬಲ್. ಆತನ ಶಿರಸ್ಸಿನ ಮೇಲೆ ದಶಕಗಳ ಕಾಲ ಕುಳಿತಿದ್ದ, ಒಂದು ಪಕ್ಕ ಮೇಲಕ್ಕೆ ಮಡಿಸಿದ ಅಗಲ ಅಂಚಿನ ಸ್ಲೋಚ್ ಹ್ಯಾಟಿಗೆ ಬದಲಾಗಿ ಕಡುನೀಲಿ ಬಣ್ಣದ ಪೀಕ್ ಕ್ಯಾಪನ್ನು 2025ರ ಅಕ್ಟೋಬರ್ 28ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬೆಂಗಳೂರಿನಲ್ಲಿ ವಿತರಿಸಿದರು. ಬೇರೆ ಬೇರೆ ರಾಜ್ಯಗಳ ಟೋಪಿಗಳನ್ನು ಪರಿಶೀಲಿಸಿ, ಕಡೆಗೆ ತೆಲಂಗಾಣದ ಮಾದರಿಯನ್ನು ಆಯ್ದುಕೊಂಡರು. ಓಡುವಾಗ ಕೆಳಗೆ ಬೀಳುವ, ಬೇಸಗೆಯಲ್ಲಿ ತಲೆಯನ್ನು ಬೇಯಿಸುವ ಹ್ಯಾಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಜನಸಂದಣಿಯನ್ನು ನಿಯಂತ್ರಿಸಬೇಕಾಗಿದ್ದವನಿಗೆ ಇದು ಅಲಂಕಾರದ ಪ್ರಶ್ನೆಯಾಗಿರಲಿಲ್ಲ. ಅಧಿಕಾರಿಗೆ ಹಿಂದಿನಿಂದಲೂ ಲಭ್ಯವಿದ್ದ ಅನುಕೂಲವು ಕೆಳಹಂತದವನಿಗೆ ಇಷ್ಟು ತಡವಾಗಿ ದೊರಕಿತೆಂಬುದನ್ನು ನಾವು ಮರೆಯಲಾಗದು.

ಇದೇ ಪರಿವರ್ತನೆಯ ದೊಡ್ಡ ರೂಪವನ್ನು ಸೇನೆಯಲ್ಲಿ ಕಾಣಬಹುದು. 2022ರ ಜನವರಿ 15ರ ಸೇನಾ ದಿನದಂದು ದೆಹಲಿಯ ಪಥಸಂಚಲನದಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ ಯೋಧರು ಹೊಸ ಸಮರವಸ್ತ್ರವನ್ನು ಧರಿಸಿ ನಡೆದರು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಎಂಬ, ಬೆಂಗಳೂರಿನಲ್ಲಿಯೂ ಶಾಖೆಯುಳ್ಳ ವಿದ್ಯಾಸಂಸ್ಥೆಯ ಸಹಯೋಗದಿಂದ ರೂಪುಗೊಂಡ ಆ ಉಡುಪಿನಲ್ಲಿ ಹತ್ತಿ ಮತ್ತು ಪಾಲಿಯೆಸ್ಟರ್ 70:30ರ ಪ್ರಮಾಣದಲ್ಲಿವೆ. ಬಟ್ಟೆ ಹಗುರ, ಬೇಗ ಒಣಗತಕ್ಕದ್ದು. ಹಸಿರು, ಮಣ್ಣಿನ ಬಣ್ಣಗಳ ಚಿಕ್ಕ ಚಿಕ್ಕ ಚೌಕಗಳು ಕಾಡು, ಮರುಭೂಮಿ, ಬೆಟ್ಟಗಳಲ್ಲಿ ದೇಹದ ಅಂಚನ್ನು ಕಣ್ಣಿಗೆ ಮರೆಮಾಡುತ್ತವೆ. ಮೇಲಂಗಿಯನ್ನು ಪ್ಯಾಂಟಿನೊಳಕ್ಕೆ ತುರುಕಬೇಕಾದ ನಿರ್ಬಂಧವಿಲ್ಲ. ಸ್ತ್ರೀ ಯೋಧರ ದೇಹರಚನೆಯನ್ನೂ ಲಕ್ಷಿಸಿ ಅಳತೆಗಳನ್ನು ರೂಪಿಸಿದ್ದಾರೆ. ಆ ದಿನವನ್ನೇ ಸೇನಾ ದಿನವೆಂದು ಆಚರಿಸುವುದು, 1949ರ ಜನವರಿ 15ರಂದು ನಮ್ಮ ಕೊಡಗಿನ ಕೆ. ಎಂ. ಕಾರ್ಯಪ್ಪನವರು ಬ್ರಿಟಿಷ್ ಸೇನಾಧಿಪತಿಯಿಂದ ಭಾರತೀಯ ಸೇನೆಯ ಅಧಿಕಾರವನ್ನು ಸ್ವೀಕರಿಸಿದ ಕಾರಣದಿಂದ. 

ಬ್ರಿಟಿಷರು ಬಿಟ್ಟುಹೋದ ವೇಷವನ್ನು ಒಂದೊಂದಾಗಿ ಪರಿಶೀಲಿಸುವ ಕಾರ್ಯವೂ ಸಮರವಸ್ತ್ರದ ಈ ಬದಲಾವಣೆಯೊಡನೆ ಸಾಗಿದೆ. 2023ರ ಆಗಸ್ಟ್ 1ರಿಂದ ಬ್ರಿಗೇಡಿಯರ್ ಮತ್ತು ಅದಕ್ಕಿಂತ ಮೇಲಿನ ಅಧಿಕಾರಿಗಳೆಲ್ಲರೂ, ತಾವು ಯಾವ ರೆಜಿಮೆಂಟಿನಿಂದ ಬಂದವರೆಂಬ ಭೇದವಿಲ್ಲದೆ, ಏಕರೂಪದ ಸಮವಸ್ತ್ರವನ್ನು ಧರಿಸತೊಡಗಿದರು. ಮರುವರ್ಷ ನೌಕಾಪಡೆಯು ತನ್ನ ಭೋಜನಶಾಲೆಗಳಲ್ಲಿ ಕುರ್ತಾ, ಪೈಜಾಮಕ್ಕೆ ಅನುಮತಿ ನೀಡಿತು. ನಮ್ಮ ಹವೆಗೆ ಒಗ್ಗುವ ಬಟ್ಟೆಯನ್ನು ಉಟ್ಟು ಊಟಕ್ಕೆ ಕುಳಿತ ಮಾತ್ರಕ್ಕೆ ಶಿಸ್ತು ಕುಂದೀತೆಂಬ ಭಯವು ನಿರಾಧಾರವೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಮವಸ್ತ್ರವು ಉಪಯುಕ್ತತೆಯತ್ತ ಹೊರಳಿದ ಕಥೆಯಲ್ಲಿ ಕನ್ನಡನಾಡಿಗೆ ಹಳೆಯ ಪಾಲೊಂದು ಉಂಟು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆಶಾಲೆಯಲ್ಲಿ ಹಾಲರ್ ಎಂಬ ಜರ್ಮನ್ ನೇಯ್ಗೆಗಾರನು ಖಾಕಿ ಬಣ್ಣದ ಗಟ್ಟಿ ಬಟ್ಟೆಯನ್ನು ಸಿದ್ಧಪಡಿಸಿ ಅಲ್ಲಿಯ ಪೊಲೀಸರಿಗೆ ಒದಗಿಸಿದನು; ಅದೇ ಕಾಲಕ್ಕೆ ವಾಯವ್ಯ ಗಡಿಯ ಪೆಷಾವರದಲ್ಲಿ ಲಮ್ಸ್‌ಡೆನ್ ಎಂಬ ಅಧಿಕಾರಿಯು ಕೆಂಪು ಕೋಟಿನ ಬದಲು ಮಣ್ಣುಬಣ್ಣದ ಉಡುಪನ್ನು ತನ್ನ ತುಕಡಿಗೆ ತೊಡಿಸಿದ್ದನು. ದೂರದಿಂದಲೇ ಶತ್ರುವಿಗೆ ಕಾಣುವ, ಬಿಸಿಲಿನಲ್ಲಿ ಸೈನಿಕನನ್ನು ಹೈರಾಣಾಗಿಸುವ ಕೆಂಪಿನ ವೈಭವವು ಬಂದೂಕಿನ ಗುರಿ ನಿಖರವಾಗುತ್ತ ಹೋದಂತೆ ತಾನೇ ಅಳಿಯಿತು. ಮೈಸೂರು ಸಂಸ್ಥಾನದ ದಸರಾ ದರ್ಬಾರಿಗೆ ಹೋಗುವವರಿಗೆ ವಿಧಿಸಲ್ಪಟ್ಟಿದ್ದ ಕಪ್ಪು ನಿಲುವಂಗಿ, ಜರತಾರಿ ಪೇಟಗಳ ಉದ್ದೇಶ ಬೇರೆ. ಅವು ರಾಜಸಭೆಯ ಮರ್ಯಾದೆಯನ್ನು ಸೂಚಿಸಲು ಇದ್ದವು, ದುಡಿಯಲು ಅಲ್ಲ. ಸಭೆಯ ಉಡುಪಿನ ನಿಯಮವನ್ನು ದುಡಿಮೆಯ ಉಡುಪಿನ ಮೇಲೆ ಹೇರಿದಲ್ಲೆಲ್ಲ ತೊಂದರೆಯು ಕೆಳಗಿನವನ ಪಾಲಿಗೇ ಬಂದಿದೆ.

ಸೀರೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 2018ರಲ್ಲಿ, ರಾಜ್ಯದ ಮೊದಲ ಮಹಿಳಾ ಪೊಲೀಸ್ ಮುಖ್ಯಸ್ಥರಾಗಿದ್ದ ನೀಲಮಣಿ ಎನ್. ರಾಜು ಅವರ ಕಾಲದಲ್ಲಿ, ಕರ್ತವ್ಯದ ಸಮಯದಲ್ಲಿ ಮಹಿಳಾ ಪೊಲೀಸರು ಖಾಕಿ ಸೀರೆಯನ್ನು ಬಿಟ್ಟು ಷರ್ಟು, ಪ್ಯಾಂಟುಗಳನ್ನು ಧರಿಸಬೇಕೆಂಬ ಸುತ್ತೋಲೆ ಹೊರಟಿತು. ಅಪರಾಧಿಯನ್ನು ಬೆನ್ನಟ್ಟುವಾಗ, ತುರ್ತಿನ ಸ್ಥಳಕ್ಕೆ ಧಾವಿಸುವಾಗ ಸೀರೆಯು ತೊಡಕೆಂಬುದು ಅದರ ಕಾರಣ. ಸೀರೆಯ ಗೌರವಕ್ಕೆ ಇದರಿಂದ ಕುಂದಿಲ್ಲ. ಆ ಗೌರವದ ಹೆಸರಿನಲ್ಲಿ ಒಬ್ಬಾಕೆಯ ಕಾಲಿಗೆ ತೊಡರು ಹಾಕುವುದು ಮಾತ್ರ ಅನ್ಯಾಯ.

ಈ ವಿವೇಕವು ಪೊಲೀಸ್ ಠಾಣೆಯಿಂದ ಹೊರಬಂದು ಎಲ್ಲಿಯವರೆಗೆ ನಡೆದಿದೆ ಎಂದು ತೆಂಗಿನ ಸೀಮೆಯಲ್ಲಿ ನಿಂತು ಕೇಳಬೇಕಾಗಿದೆ. ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಂಥ ಕಡೆಗಳಲ್ಲಿ, ತಿರುಗುವ ಯಂತ್ರದ ಬಳಿ ಬಟ್ಟೆಯ ಒಂದು ಸಡಿಲವಾದ ಅಂಚೂ ಇರಕೂಡದೆಂಬುದು ಕೆಲಸದ ಮೊದಲ ಪಾಠ. ಆದರೆ ತಿಪಟೂರಿನ ಸುತ್ತಲ ನಾರಿನ ಕಾರ್ಖಾನೆಗಳಲ್ಲಿ, ಮಟ್ಟೆಯನ್ನು ಬಡಿದು ನಾರನ್ನು ಬೇರ್ಪಡಿಸುವ ಯಂತ್ರ ತಿರುಗುತ್ತಿರುವಾಗ, ಎದ್ದ ಪುಡಿಯ ನಡುವೆ ದುಡಿಯುವ ಹೆಣ್ಣುಮಕ್ಕಳು ಉಟ್ಟ ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಷರ್ಟನ್ನು ತೊಟ್ಟು, ತಲೆಗೂ ಮೂಗಿಗೂ ಒಂದು ವಸ್ತ್ರವನ್ನು ಸುತ್ತಿಕೊಂಡಿರುತ್ತಾರೆ. ಯಾವ ಸಂಸ್ಥೆಯೂ ರೂಪಿಸಿಕೊಡದೆ ತಾವೇ ಕಂಡುಕೊಂಡ ಸಮವಸ್ತ್ರ ಅದು: ತೋಳಿಗೆ ತುರಿಕೆ ತಾಗದಂತೆ ಷರ್ಟು, ಎದೆಗೆ ಪುಡಿ ಇಳಿಯದಂತೆ ವಸ್ತ್ರ. ಇಷ್ಟು ಬುದ್ಧಿಪೂರ್ವಕವಾದ ಆ ವೇಷದಲ್ಲಿ ಅಪಾಯಕ್ಕೆ ಎಡೆಗೊಡುವ ಭಾಗವೆಂದರೆ, ಷರ್ಟಿನ ಕೆಳಗೆ ಜೋತುಬಿದ್ದಿರುವ ಸೀರೆಯ ನೆರಿಗೆಯೊಂದೆ.

ಗಂಡಸರ ಸ್ಥಿತಿಯೂ ಹೆಚ್ಚು ಉತ್ತಮವೆನ್ನುವಂತಿಲ್ಲ. ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಒಣಗಿ ಒಳಗಿನ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಕಾಯನ್ನು ಇಳಿಸಿ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಹೊಡೆದು ಸುಲಿದು, ಚಿಪ್ಪೊಡೆದು ಉಂಡೆ ಕೊಬ್ಬರಿಯನ್ನು ತೆಗೆಯುವವನು ಪಟಾಪಟಿ ಚಡ್ಡಿ, ಬನಿಯನ್ನುಗಳಲ್ಲಿಯೇ ಆ ಮೊನೆಗೆ ಬಾಗುತ್ತಾನೆ. ಮರವೇರುವವನ ಎದೆ ಮತ್ತು ತೋಳಿನ ಒಳಭಾಗಗಳು ಕಾಂಡಕ್ಕೆ ಉಜ್ಜಿ ಉಜ್ಜಿ ಮರದ ತೊಗಟೆಯಷ್ಟೇ ಒರಟಾಗಿರುತ್ತವೆ. ಸಂತೆಯಲ್ಲಿ ಸೈನಿಕರ ಉಡುಪನ್ನು ಹೋಲುವ ಚಿತ್ತಾರದ ಅಗ್ಗದ ಪ್ಯಾಂಟು ಇಂಥ ದುಡಿಮೆಗಾರರಿಗೆ ಏಕೆ ಪ್ರಿಯವಾಗಿದೆಯೆಂದು ವಿಚಾರಿಸಿದರೆ, ಬಟ್ಟೆ ಗಟ್ಟಿ, ಮಟ್ಟೆಯ ಕಲೆ ಕಾಣುವುದಿಲ್ಲ, ಜೇಬು ಹೆಚ್ಚು ಎಂಬ ಉತ್ತರಗಳೇ ಬರುತ್ತವೆ. ಯೋಧನಂತೆ ಕಾಣುವ ಹಂಬಲಕ್ಕಿಂತ ಯೋಧನ ಬಟ್ಟೆಯ ಗುಣವನ್ನು ಅವರು ಬಯಸಿದ್ದಾರೆ. ಸೇನೆಯ ಹೊಸ ವಿನ್ಯಾಸವು ನೋಂದಾಯಿತವಾಗಿ, ಹೊರಗಿನ ಮಾರಾಟಕ್ಕೆ ನಿಷಿದ್ಧವಾಗಿದೆ. ಅದು ಭದ್ರತೆಯ ದೃಷ್ಟಿಯಿಂದ ಯುಕ್ತವೇ. ಆದರೆ ಆ ಬಟ್ಟೆಯ ಹಿಂದಿನ ಜ್ಞಾನಕ್ಕೆ, ಅಂದರೆ ಬೆವರನ್ನು ಹೀರುವ ನೇಯ್ಗೆಗೆ, ಸವೆಯುವ ಕಡೆ ಇಮ್ಮಡಿ ಪದರಕ್ಕೆ, ಕೈಯೆತ್ತಿದಾಗ ಕಂಕುಳು ಬಿಗಿಯದ ಕತ್ತರಿಕೆಗೆ ಯಾವ ನಿಷೇಧವೂ ಇರಲಾರದು.

ಆ ಜ್ಞಾನವನ್ನು ದುಡಿಮೆಗಾರರಿಗೆ ತಲುಪಿಸಲು ನೆರವಾಗಬಲ್ಲ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವು ತಿಪಟೂರಿನ ಪಕ್ಕದಲ್ಲಿಯೇ ಇದೆ. ತೆಂಗು ಅಭಿವೃದ್ಧಿ ಮಂಡಳಿಯು ಮರವೇರುವ ಯುವಕರಿಗೆ ಯಂತ್ರದ ಬಳಕೆಯನ್ನು ಕಲಿಸುವ ತರಬೇತಿಯನ್ನು 2011ರಿಂದಲೂ ನಡೆಸಿಕೊಂಡು ಬಂದಿದೆ. ಬಿದ್ದವನಿಗೆ ವಿಮೆಯ ಏರ್ಪಾಡೂ ಉಂಟು. ಯಂತ್ರ ಮತ್ತು ವಿಮೆಗಳ ನಡುವೆ ಉಡುಪೂ ಸೇರಬೇಕು. ಮರವೇರುವವನಿಗೆ ಎದೆ, ಮೊಣಕಾಲು, ಮುಂಗೈಗಳಲ್ಲಿ ದಪ್ಪ ಪದರವಿರುವ ಹತ್ತಿಯ ಅಂಗಿ. ಸುಲಿಯುವವನಿಗೆ ಅಂಗೈಗೆ ಗಟ್ಟಿಯಾದ, ಬೆರಳಿಗೆ ಸಡಿಲವಾದ ಕೈಗವಸು. ನಾರಿನ ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಮೊಣಕಾಲಿನವರೆಗಿನ ನಿಲುವಂಗಿ, ಕೆಳಗೆ ಕಣಕಾಲಿನ ಬಳಿ ಬಿಗಿಯುವ ಪೈಜಾಮ, ಕೂದಲನ್ನು ಪೂರ್ತಿ ಮುಚ್ಚುವ ತಲೆವಸ್ತ್ರ, ಪುಡಿಯನ್ನು ತಡೆಯುವ ಮುಖಕವಚ. ಸೇನೆಗೆ ವಸ್ತ್ರವನ್ನು ರೂಪಿಸಿದ ಸಂಸ್ಥೆಯ ಬೆಂಗಳೂರು ಶಾಖೆಯ ವಿದ್ಯಾರ್ಥಿಗಳು ಒಂದು ಕಾಯಿ ಕೀಳುವ ಕಾಲದಲ್ಲಿ ಇಲ್ಲಿಗೆ ಬಂದು ಅಳತೆ ತೆಗೆದುಕೊಂಡರೆ, ಇವುಗಳ ಮೊದಲ ಮಾದರಿಗಳನ್ನು ಈ ಸೀಮೆಯಲ್ಲಿಯೇ ಹೊಲಿಸಬಹುದು. ಗಾರ್ಮೆಂಟ್ಸ್ ಕೆಲಸದಲ್ಲಿ ಪಳಗಿದ ಕೈಗಳು ಈ ಊರುಗಳಲ್ಲಿ ಬೇಕಾದಷ್ಟಿವೆ. ಹೊಲಿದ ಉಡುಪನ್ನು ಅಂಗೀಕರಿಸುವ ಮುನ್ನ, ಉಟ್ಟು ದುಡಿಯತಕ್ಕವರೇ ಒಂದು ಬೇಸಗೆ, ಒಂದು ಮಳೆಗಾಲ ಅದನ್ನು ಧರಿಸಿ ನೋಡಿ, ಎಲ್ಲಿ ಬಿಗಿ, ಎಲ್ಲಿ ಸೆಕೆ, ಯಾವ ಹೊಲಿಗೆ ಮೊದಲು ಬಿಟ್ಟಿತು ಎಂಬುದನ್ನು ಹೇಳತಕ್ಕದ್ದು.