ರಾಜಕುಮಾರಿಯ ಮನೆಯಲ್ಲಿ ರೈತರ ಸರಕು

ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಕುಕ್ಕರಹಳ್ಳಿ ಕೆರೆಯಿಂದ ಅಷ್ಟೇನೂ ದೂರವಿಲ್ಲದ ಜಾಗದಲ್ಲಿ ಜಯಲಕ್ಷ್ಮಿ ವಿಲಾಸ ನಿಂತಿದೆ. ಹತ್ತನೆಯ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಮಹಲು ಇದು. ಅವರ ಪತಿ ಸರ್ ಎಂ. ಕಾಂತರಾಜ ಅರಸ್ ಮುಂದೆ ಸಂಸ್ಥಾನದ ದಿವಾನರಾದರು. ನೂರಕ್ಕೂ ಮಿಕ್ಕಿದ ಕೋಣೆಗಳು, ಕೆತ್ತನೆಯ ಮರದ ಕಂಬಗಳು, ಬಣ್ಣದ ಗಾಜು ಹೊದ್ದ ಕಲ್ಯಾಣ ಮಂಟಪ. ಈ ವೈಭವದ ಕೋಣೆಗಳಿಗೆ ಹಳ್ಳಿಯವರ ಮೊರ, ಕೊಳಗ, ನೇಗಿಲುಗಳು ಬಂದು ಸೇರಿದ್ದೇ ಇಲ್ಲಿನ ನಿಜವಾದ ಕಥೆ.

ಕುವೆಂಪು ಕುಲಪತಿಗಳಾಗಿದ್ದಾಗ, 1959ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಈ ಮಹಲನ್ನು ಕೊಂಡಿತು. ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾದದ್ದು 1968ರಲ್ಲಿ. ಸಾಹಿತಿ ದೇಜಗೌ ಅವರ ಒತ್ತಾಸೆ ಇತ್ತು, ಜಾನಪದ ವಿದ್ವಾಂಸ ಜೀಶಂಪ ಅವರ ಪಾಂಡಿತ್ಯವಿತ್ತು. ವಸ್ತುಗಳನ್ನು ಹುಡುಕಿ ತಂದು ಜೋಡಿಸುವುದರಲ್ಲಿ ದೊಡ್ಡ ಪಾಲು ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅವರದು. ಹಿರಿಯೂರು ಸೀಮೆಯ ಹರ್ತಿಕೋಟೆಯಲ್ಲಿ ಹುಟ್ಟಿದ ಅವರಿಗೆ ಹಳ್ಳಿಯ ಅಟ್ಟದ ಮೇಲೆ ಏನಿರುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಸಂಗ್ರಹ ನಡೆದ ಆ ಹೊತ್ತೂ ಮುಖ್ಯ. ಹೊಸ ತೂಕ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. ಅಲ್ಲಿಂದ ಕಿಲೋ, ಲೀಟರುಗಳು ಸಂತೆಗೆ ಕಾಲಿಟ್ಟವು. ಕೊಳಗ, ಬಳ್ಳ, ಸೇರು, ಪಾವುಗಳು ಮೂಲೆ ಸೇರತೊಡಗಿದವು. ಕಣದಲ್ಲಿ ರಾಗಿ ಅಳೆದ, ಆಳಿಗೆ ಕೂಲಿ ಕೊಟ್ಟ, ಸಾಲ ತೀರಿಸಿದ ಅಳತೆಗಳವು. ಇನ್ನು ಹತ್ತು ವರ್ಷ ತಡವಾಗಿದ್ದರೆ ಎಷ್ಟೋ ವಸ್ತುಗಳು ಒಲೆಗೋ ಗುಜರಿಗೋ ಹೋಗುತ್ತಿದ್ದವು.

ಸಂಗ್ರಹ ಬೆಳೆದು ಆರು ಸಾವಿರ ದಾಟಿತು. ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ದೀಪಗಳು, ಬೇಸಾಯದ ಸಲಕರಣೆ ಎಲ್ಲವೂ ಇವೆ. ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಸೋಮನ ಮುಖವಾಡಗಳ ಮುಂದೆ. ಸೋಮ ಗ್ರಾಮದೇವತೆಯ ಅಂಗರಕ್ಷಕ; ಜಾತ್ರೆಯಲ್ಲಿ ಅಮ್ಮನ ಮುಂದೆ ಕುಣಿಯುವವನು. ಊರಿನಲ್ಲಿ ಈ ಮುಖವಾಡಕ್ಕೆ ಪೂಜೆ ಇದೆ, ಹರಕೆ ಇದೆ, ಹೊರುವ ಮನೆತನವಿದೆ. ಇಲ್ಲಿ ಅದನ್ನು ನೋಡಿದವರು ಒಮ್ಮೆ ತುಮಕೂರು, ಮಂಡ್ಯ ಕಡೆಯ ಹಬ್ಬಕ್ಕೂ ಹೋಗಿ ನೋಡಬೇಕು. ಕುವೆಂಪು ಮೊದಲಾದ ಸಾಹಿತಿಗಳು ಬಳಸಿದ ವಸ್ತುಗಳಿಗೂ ಇಲ್ಲಿ ಒಂದು ವಿಭಾಗವಿದೆ.

ಕಷ್ಟ ಕೊಡುತ್ತಿರುವುದು ಕಟ್ಟಡ. 2002ರಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ 1.17 ಕೋಟಿ ರೂಪಾಯಿ ನೆರವಿನಿಂದ ದುರಸ್ತಿಯಾಗಿತ್ತು. ಆದರೂ ಮಳೆ ನೀರು ಮತ್ತೆ ಚಾವಣಿಯೊಳಗೆ ಇಳಿಯಿತು. ಮರ, ತೊಗಲು, ಬಟ್ಟೆಗೆ ತೇವಕ್ಕಿಂತ ದೊಡ್ಡ ಶತ್ರು ಇಲ್ಲ. ಗೊಂಬೆಯ ತೊಗಲು ಒಮ್ಮೆ ಸುಕ್ಕಾದರೆ ಮತ್ತೆ ಸರಿಹೋಗುವುದು ಕಷ್ಟ. ಈಚೆಗೆ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವೂ ಈ ಮಹಲಿಗೆ ಒದಗಿದೆ. ಗೋಡೆ, ಚಾವಣಿಗೆ ಸಿಗುವಷ್ಟೇ ಗಮನ ಒಳಗಿನ ಸರಕಿಗೂ ಸಿಗಬೇಕು. ಯಾವ ವಸ್ತು ಯಾವ ಊರಿನದು, ಯಾರು ಕೊಟ್ಟರು, ಹೇಗೆ ಬಳಸುತ್ತಿದ್ದರು ಎಂಬುದನ್ನೆಲ್ಲ ಬಲ್ಲ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕರೆತಂದು ಕೇಳಿ ಬರೆದಿಡುವ ಕೆಲಸ ಈಗಲೇ ಆಗಬೇಕು.